ಇಲ್ಲಿ ಮೊಸಳಿ ಇಲ್ರೀ

ಹೊಳೆ ದಂಡೆಗೆ ಒಂದು ರೆಸಾರ್ಟು. ಆ ರೆಸಾರ್ಟಿನ ಅಡಿಗೆಮನೆಯಲ್ಲಿ ರೊಟ್ಟಿ ಬಡಿಯುವವಳು ಸಾಂವಕ್ಕ. ಸಾಂವಕ್ಕನಿಗೆ ಒಬ್ಬನೇ ಮಗ, ಫಕೀರಪ್ಪ. ಮೀಸೆ ಬಂದು ಹದಿನೈದು ವರ್ಷ ಆಗಿತ್ತು, ಬುದ್ಧಿ ಮಾತ್ರ ಇನ್ನೂ ದಾರಿಯಲ್ಲೇ ಇತ್ತು.

ಕೆಟ್ಟವನಲ್ಲ, ಪಾಪ. ಅವ್ವ ಹೇಳಿದ ಮಾತು ಒಂದು ದಿನವೂ ಮೀರಿದವನಲ್ಲ. ತ್ರಾಸು ಇದ್ದದ್ದೇ ಅಲ್ಲಿ. ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ. ಅವನಿಗೆ ಹೇಳಿ ಹೇಳಿ ಸಾಂವಕ್ಕನ ನಾಲಿಗೆ ಸವೆದಿತ್ತು. ಆದರೂ ರೆಸಾರ್ಟಿನ ಮಾಲಕ ರೋಹಿದಾಸ ಶೇಟನ ಕೈಕಾಲು ಹಿಡಿದು, ಮಗನಿಗೂ ಅಲ್ಲೇ ಒಂದು ಕೆಲಸ ಕೊಡಿಸಿದಳು.

ಆ ಹೊಳೆಯಲ್ಲಿ ಮೊಸಳೆಗಳಿದ್ದವು. ಊರವರಿಗೆಲ್ಲ ಗೊತ್ತು, ಬಟ್ಟೆ ಒಗೆಯಲಿಕ್ಕೂ ಅತ್ತ ಹೋಗುತ್ತಿರಲಿಲ್ಲ. ಗೊತ್ತಿಲ್ಲದವರೆಂದರೆ ಶನಿವಾರ ಕಾರಿನಲ್ಲಿ ಬಂದಿಳಿಯುವವರು. ಶೇಟ ಅವರಿಗೆ ಹೇಳುತ್ತಿರಲಿಲ್ಲ. "ಮೊಸಳಿ ಅದಾವಂತ ಒಂದು ಬೋರ್ಡ್ ಹಾಕ್ರಿ" ಅಂತ ಸಾಂವಕ್ಕ ಎಷ್ಟೋ ಸಲ ಅಂದಿದ್ದಳು. "ಬೋರ್ಡ್ ನೋಡಿದ್ರ ಯಾರ ಬರ್ತಾರ?" ಅಂತ ಅವನು ಅಷ್ಟೇ ಸಲ ಅಂದಿದ್ದ.

ಮೊದಲನೇ ದಿನ ಸಾಂವಕ್ಕ ಮಗನ ಕೈಗೆ ಒಂದು ಬಕೀಟು ಕೊಟ್ಟಳು. ತುಂಬ ಮೀನಿನ ತಲೆ, ಕೋಳಿಯ ಕರುಳು.

"ಇದನ್ನ ಹೊಳಿಗೆ ಚೆಲ್ಲಬ್ಯಾಡ. ವಾಸನಿಗೆ ಮೊಸಳಿ ಬರ್ತಾವ. ದೂರ ಒಯ್ದು ಚೆಲ್ಲು."

"ಹೂಂ ಯವ್ವಾ, ದೂರ!"

ಬೆಳಿಗ್ಗೆ ಹೋದವನು ಸಂಜೆಗೆ ಬಂದ.

"ಎಲ್ಲಿ ಹೋಗಿದ್ಯೋ?"

"ದೂರ ಅಂದಿದ್ದೆಲ್ಲ? ಬಸ್ ಹತ್ತಿ ತಾಲೂಕಿಗೆ ಹೋಗಿದ್ದೆ. ಬಸ್‌ಸ್ಟ್ಯಾಂಡಿನ್ಯಾಗ ಚೆಲ್ಲಿ ಬಂದೆ. ಹೋಗೂ ಮುಂದ ಸೀಟು ಭಾಳ ಖಾಲಿ ಇದ್ದೂ ಯವ್ವಾ! ಹತ್ತಿದವರು ಹತ್ತಿದಂಗ ಇಳದ್ರು!"

ಸಾಂವಕ್ಕ ಹಣೆ ಚಚ್ಚಿಕೊಂಡಳು. "ಅಯ್ಯ ಖೋಡಿ! ಅಂಥಾದ್ದು ಕಂಡ್ರ ಇಲ್ಲೇ ತೆಗ್ಗು ತೋಡಿ ಹುಗೀಬೇಕು. ಮ್ಯಾಲ ಮಣ್ಣು ಎಳದು ಕಾಲಿಲೆ ತುಳೀಬೇಕು!"

"ಹೂಂ ಯವ್ವಾ, ಹುಗೀಬೇಕು!"

ಮರುದಿನ ನಾಲ್ವರು ಗೆಳೆಯರು ಹೊಳೆದಂಡೆಗೆ ಬಂದರು. ಪ್ಯಾಂಟು, ಅಂಗಿ, ಬೂಟು ಎಲ್ಲ ಕಳೆದಿಟ್ಟು, ಚಡ್ಡಿಯ ಮೇಲೆ ದೋಣಿ ಹತ್ತಿದರು. ಬೂಟುಗಳಿಂದ ವಾಸನೆ ಬರುತ್ತಿತ್ತು. ಫಕೀರಪ್ಪ ನೋಡಿದ, ಮೂಸಿದ. ತೆಗ್ಗು ತೋಡಿದ, ಬಟ್ಟೆ ಬೂಟು ಎಲ್ಲ ಹುಗಿದ, ಮಣ್ಣೆಳೆದ, ತುಳಿದ.

ನಾಲ್ವರೂ ಒದ್ದೆ ಚಡ್ಡಿಯಲ್ಲಿ ಆಫೀಸಿನ ಮುಂದೆ ನಿಂತು ಕೂಗಾಡಿದರು. ಶೇಟ ಸಾಂವಕ್ಕನ ಮೇಲೆ ಕೂಗಾಡಿದ. ಸಾಂವಕ್ಕ ಸಲಿಕೆ ಹಿಡಿದು ಒಂದೊಂದೇ ಬೂಟು, ಅಂಗಿ, ಪ್ಯಾಂಟು ಅಗೆದು ತೆಗೆದಳು. ಸೊಂಟ ಹಿಡಿದುಕೊಂಡಿತು.

"ಮಂದಿ ಸಾಮಾನು ಹುಗೀತಾರೇನೋ? ದಂಡಿಮ್ಯಾಲ ಏನರ ಸಿಕ್ರ ಎತ್ತಿಕೊಂಡು ಬಾ. ತೊಳಿ, ಒರಸು, ಆಫೀಸಿನ ಟೇಬಲ್ ಮ್ಯಾಲ ಇಡು. 'ಇದು ಯಾರದರೀ?' ಅಂತ ಕೇಳು!"

"ಹೂಂ ಯವ್ವಾ, ಯಾರದರೀ ಅಂತ!"

ಎರಡು ದಿನ ಏನೂ ಸಿಗಲಿಲ್ಲ. ಸಾಂವಕ್ಕ ಎರಡು ರಾತ್ರಿ ನೆಮ್ಮದಿಯಿಂದ ಮಲಗಿದಳು. ಮೂರನೇ ದಿನ ಸಿಕ್ಕಿತು. ಗೇಣುದ್ದ ಇತ್ತು, ಮೈತುಂಬ ರಾಡಿ, ಮಿಳಮಿಳ ಕಣ್ಣು ಬಿಡುತ್ತಿತ್ತು. ಫಕೀರಪ್ಪ ಎತ್ತಿಕೊಂಡ. ನಳದ ಕೆಳಗೆ ತೊಳೆದ. ಟವೆಲ್ಲಿನಿಂದ ಬಾಲದ ತುದಿಯವರೆಗೂ ಒರೆಸಿದ. ಶೇಟನ ಮುಂದೆ ಟೇಬಲ್ ಮೇಲೆ ಇಟ್ಟ.

"ಇದು ಯಾರದರೀ?"

ಶೇಟ ಕುರ್ಚಿಯ ಮೇಲೆ ನಿಂತ. ಕುರ್ಚಿಯಿಂದ ಟೇಬಲ್ ಮೇಲೆ ಹೋದ. ಮೊಸಳೆಮರಿ ಇದ್ದದ್ದು ಟೇಬಲ್ ಮೇಲೇ ಎಂದು ನೆನಪಾಗಿ ಮತ್ತೆ ಕುರ್ಚಿಗೆ ಬಂದ.

ಅದು ಯಾರದೆಂಬುದು ಸಾಂವಕ್ಕನಿಗೆ ಅಡಿಗೆಮನೆಯ ಕಿಟಕಿಯಿಂದಲೇ ಕಂಡಿತು. ಹೊಳೆಯ ಮೆಟ್ಟಿಲಿನ ಮೇಲೆ ತಾಯಿ ಮೊಸಳೆ ಬಂದಿತ್ತು. ಒಂದು ಮೆಟ್ಟಿಲು ಹತ್ತಿತು, ನಿಂತಿತು. ಇನ್ನೊಂದು ಹತ್ತಿತು. ಸಾಂವಕ್ಕನ ಕೈಯೊಳಗಿನ ಹಿಟ್ಟು ಕೈಯಲ್ಲೇ ಉಳಿಯಿತು.

ಫೋನ್ ಹೋದ ಕೂಡಲೇ ಫಾರೆಸ್ಟ್ ಗಾರ್ಡ್ ದಾವಲಸಾಬ ಮೋಟಾರ್ ಸೈಕಲ್ ಮೇಲೆ ಧಾವಿಸಿ ಬಂದ. ಎಲ್ಲರನ್ನೂ ಒಳಗೆ ಕಳಿಸಿ, ಮರಿಯನ್ನು ಬುಟ್ಟಿಯಲ್ಲಿ ಒಯ್ದು, ಕೆಳಗಿನ ದಾರಿಯಿಂದ ಹೋಗಿ ನೀರಿನ ಬದಿಗೆ ಬಿಟ್ಟ. ಮರಿ ಕೀಂ ಅಂತು. ತಾಯಿ ತಿರುಗಿತು.

"ಬೋರ್ಡ್ ಹಾಕ್ರಿ, ಬೇಲಿ ಹಾಕ್ರಿ ಶೇಟ್ರ" ಅಂದ ದಾವಲಸಾಬ, ಬೆವರು ಒರೆಸಿಕೊಳ್ಳುತ್ತ. "ಮೊಸಳಿದು ತಪ್ಪಿಲ್ಲ. ಅದರ ಮನಿ ಬಾಗಲಿಗೆ ಬಂದು ಕುಂತವರು ನಾವು."

"ಹಾಕೂಣು, ಹಾಕೂಣು" ಅಂದ ಶೇಟ.

ಅವತ್ತು ಸಾಂವಕ್ಕನಿಗೆ ಬಯ್ಯಲಿಕ್ಕೂ ತ್ರಾಣ ಇರಲಿಲ್ಲ. ಕಟ್ಟೆಯ ಮೇಲೆ ಕೂತು ಮೆಲ್ಲಗೆ ಅಂದಳು:

"ಯಪ್ಪಾ, ನನಗ ಸಾಕಾತು. ಇನ್ನ ಮ್ಯಾಲ ಶೇಟರು ಏನ ಹೇಳ್ತಾರ, ಅಷ್ಟ ಮಾಡು."

"ಹೂಂ ಯವ್ವಾ, ಅಷ್ಟ!"

ಶನಿವಾರ ಬಂತು. ಶೇಟ ಫಕೀರಪ್ಪನನ್ನು ಗೇಟಿನ ಹತ್ತಿರ ನಿಲ್ಲಿಸಿದ. ಮರಿಯ ಸುದ್ದಿ ಎಲ್ಲಿ ಹಬ್ಬುತ್ತದೋ ಎಂದು ಅವನಿಗೆ ಪುಕುಪುಕು.

"ನೋಡ, ಬಂದ ಮಂದಿ ಏನ ಕೇಳಿದ್ರೂ 'ಇಲ್ಲಿ ಮೊಸಳಿ ಇಲ್ರೀ' ಅನ್ನು. ತಿಳೀತೇನ?"

"ತಿಳೀತ್ರಿ!"

ಮೊದಲನೇ ಕಾರು ಬಂತು. "ಗಾಡಿ ಎಲ್ಲಿ ನಿಲ್ಲಿಸೋದಪ್ಪಾ?"

"ಇಲ್ಲಿ ಮೊಸಳಿ ಇಲ್ರೀ!"

ಎರಡನೇ ಕಾರು ಬಂತು. "ಸ್ನಾನಕ್ಕೆ ಬಿಸಿನೀರು ಇದೆಯಾ?"

"ಇಲ್ಲಿ ಮೊಸಳಿ ಇಲ್ರೀ!"

ಒಬ್ಬ ಮುದುಕರು ಪ್ರೀತಿಯಿಂದ ಹೆಗಲು ತಟ್ಟಿದರು. "ಏನಪ್ಪಾ ನಿನ್ನ ಹೆಸರು?"

"ಇಲ್ಲಿ ಮೊಸಳಿ ಇಲ್ರೀ!"

ಮುದುಕರು ಕೈ ಹಿಂದೆ ತೆಗೆದುಕೊಂಡರು.

ಅಷ್ಟರಲ್ಲಿ ಒಬ್ಬ ಹೆಂಗಸು ಸಣ್ಣ ಮಗಳನ್ನು ಕರೆದುಕೊಂಡು ಹೊಳೆಯ ಮೆಟ್ಟಿಲಿಗೆ ಇಳಿದಿದ್ದಳು. ಕೂಸು ಕೊನೆಯ ಮೆಟ್ಟಿಲ ಮೇಲೆ ಕೂತು ನೀರಿನಲ್ಲಿ ಕಾಲು ಬಡಿಯುತ್ತಿತ್ತು. ಸ್ವಲ್ಪ ದೂರದಲ್ಲಿ ಒಂದು ಮರದ ಕೊರಡು ತೇಲುತ್ತಿತ್ತು. ಶೇಟ ಹೇಳಿದನೆಂದು ಚಾದ ತಾಟು ಹಿಡಿದು ಬಂದ ಫಕೀರಪ್ಪನನ್ನು ಆಕೆ ಕೇಳಿದಳು:

"ಇಲ್ಲಿ ನೀರು ತುಂಬ ಆಳವೇನ್ರೀ?"

"ಇಲ್ಲಿ ಮೊಸಳಿ ಇಲ್ರೀ!"

ಆಕೆ ಅವನ ಮುಖ ನೋಡಿದಳು. ನೀರು ನೋಡಿದಳು. ಒಂದೇ ಏಟಿಗೆ ಕೂಸಿನ ರಟ್ಟೆ ಹಿಡಿದು ಮೇಲಕ್ಕೆಳೆದಳು. ಕೊರಡು ಸದ್ದಿಲ್ಲದೆ ಮುಳುಗಿತು. ಮರದ ಕೊರಡು ಮುಳುಗುವುದುಂಟೇ?

ಊಟದ ಹೊತ್ತಿಗೆ ರೆಸಾರ್ಟಿನಲ್ಲಿ ಒಂದು ಕಾರೂ ಇರಲಿಲ್ಲ. ಸಾಂವಕ್ಕನ ಬುಟ್ಟಿಯ ತುಂಬ ರೊಟ್ಟಿ ಹಾಗೇ ಉಳಿದಿತ್ತು.

"ಏನ ಹೇಳಿದ್ನೋ ನಿನಗ!" ಶೇಟ ಕುಣಿದಾಡಿದ.

"ನೀವು ಹೇಳಿದ್ದ ಹೇಳೀನ್ರಿ" ಅಂದ ಫಕೀರಪ್ಪ.

ಸಾಂವಕ್ಕ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. ಈ ಸಲ ಮಗನ ಕಡೆ ನೋಡಲಿಲ್ಲ.

"ಅಂವಾ ಹೇಳಿದಂಗ ಮಾಡ್ಯಾನ್ರಿ ಶೇಟ್ರ. ಹೇಳಿದ ಮಾತ ಸುಳ್ಳಿತ್ತು. ಆ ಕೂಸಿನ ಕಾಲು ನೀರಾಗಿತ್ತು, ಕಿಡಕ್ಯಾಗಿಂದ ಕಣ್ಣಾರೆ ನೋಡೀನಿ. ನಾ ಓಡಿದ್ರ ಮುಟ್ಟತಿದ್ದಿಲ್ಲ. ಇವತ್ತ ಬೋರ್ಡ್ ಹಾಕಲಿಲ್ಲಂದ್ರ ನಾಳಿಂದ ನಿಮ್ಮ ರೊಟ್ಟಿ ನೀವ ಬಡಕೋರಿ."

ಶೇಟ ಹೊಳೆಯ ಕಡೆ ನೋಡಿದ. ಮೂರು ಗಂಟೆಯ ಹೊತ್ತಿಗೆ ಕೆಂಪು ಬಣ್ಣದಲ್ಲಿ ಬೋರ್ಡು ಬರೆದು ಮುಗಿದಿತ್ತು. ಬೇಲಿಯ ತಂತಿ ತರಲಿಕ್ಕೆ ಅವನೇ ಗಾಡಿ ತೆಗೆದುಕೊಂಡು ಹೋದ.

ಸಾಂವಕ್ಕ ಬೋರ್ಡನ್ನು ಮಗನ ಹೆಗಲ ಮೇಲೆ ಹೊರಿಸಿದಳು. ಎಲ್ಲೂ ತಪ್ಪಬಾರದೆಂದು ಬಿಡಿಸಿ ಬಿಡಿಸಿ ಹೇಳಿದಳು.

"ನೀರಿನಿಂದ ಇಪ್ಪತ್ತು ಹೆಜ್ಜಿ ಎಣಿಸು. ಅಲ್ಲಿ ಗಟ್ಟ್ಯಾಗಿ ನೆಡು. ಈ ಬೋರ್ಡ್ ಯಾರೂ ದಾಟಬಾರದು. ಶೇಟರೂ ದಾಟಬಾರದು, ನಾನೂ ದಾಟಬಾರದು, ನೀನೂ ದಾಟಬಾರದು!"

"ಹೂಂ ಯವ್ವಾ, ಯಾರೂ ದಾಟಬಾರದು!"

ಫಕೀರಪ್ಪ ನೀರಿನ ತನಕ ಹೋದ. ಅಲ್ಲಿಂದ ಇಪ್ಪತ್ತು ಹೆಜ್ಜೆ ಎಣಿಸುತ್ತ ಮೇಲೆ ಬಂದ. ನಿಂತಲ್ಲೇ, ತನ್ನ ಮುಂದೆ, ಬೋರ್ಡು ನೆಟ್ಟ.

ಚಾದ ಹೊತ್ತಾಯಿತು, ಮಗ ಬರಲಿಲ್ಲ. ಸಾಂವಕ್ಕ ಹೋಗಿ ನೋಡುತ್ತಾಳೆ, ಬೋರ್ಡಿನ ಆಚೆ, ನೀರಿನ ಬದಿಗೆ, ಕೈಕಟ್ಟಿ ನಿಂತಿದ್ದಾನೆ. ಅವನ ಹಿಂದೆ ನೀರಿನಲ್ಲಿ ಎರಡು ಕಣ್ಣು ಎದ್ದಿವೆ.

"ಬಾರೋ ಈಚಿಗೆ!"

"ಬೋರ್ಡ್ ದಾಟಬಾರದು ಅಂದೆಲ್ಲ ಯವ್ವಾ?"

"ನಾನ ಹೇಳತೀನಿ, ದಾಟು!"

"ನೀನ ಹೇಳಿದ್ದಿ, ದಾಟಬ್ಯಾಡ ಅಂತ!"

ಕಣ್ಣುಗಳು ಹತ್ತಿರ ಬಂದವು. ಸಾಂವಕ್ಕ ಎರಡೂ ಕೈಯಿಂದ ಹಿಡಿದು ಬೋರ್ಡನ್ನು ಕಿತ್ತಳು. ಎದೆಗವಚಿಕೊಂಡು ಹಿಂದೆ ಹಿಂದೆ ಸರಿದಳು. ಅವಳು ಸರಿದಷ್ಟು ಫಕೀರಪ್ಪ ಮುಂದೆ ಬಂದ. ದಂಡೆ ಏರಿದರು, ಅಂಗಳ ಬಂತು. ಅಲ್ಲಿ ಇಳಿಸಿದಳು. ಫಕೀರಪ್ಪ ಅಲ್ಲೇ ನಿಂತ. ಮತ್ತೆ ಎತ್ತಿದಳು. ಮತ್ತೆ ಬಂದ. ರೆಸಾರ್ಟಿನ ಹಿಂದೆ ಅವರದೊಂದು ಕೋಣೆಯ ಮನೆ. ಅಲ್ಲಿಯವರೆಗೂ ಅವ್ವ ಮುಂದೆ, ನಡುವೆ ಬೋರ್ಡು, ಹಿಂದೆ ಮಗ.

ಸಾಂವಕ್ಕನ ಕೈ ಸೋತಿತು. ಬೋರ್ಡನ್ನು ಹೊಸ್ತಿಲಿಗೆ ಆನಿಸಿ, ಒಳಗೆ ಧೊಪ್ಪನೆ ಕೂತಳು. ಬೋರ್ಡು ಮತ್ತೆ ಹೊಳೆದಂಡೆಗೆ ಹೋಗಬೇಕು. ಒಂದು ಗಳಿಗೆ ಉಸಿರು ಬಿಟ್ಟು ಒಯ್ದರಾಯಿತು.

"ಯವ್ವಾ, ಹಸಿವಾಗೈತಿ" ಅಂದ ಮಗ, ಹೊರಗಿನಿಂದ.

ಸಾಂವಕ್ಕ ಕೂತಲ್ಲಿಂದಲೇ ಒಂದು ರೊಟ್ಟಿ ತೆಗೆದು, ಬೋರ್ಡಿನ ಮೇಲಿಂದ ಕೈ ಚಾಚಿದಳು. ಫಕೀರಪ್ಪ ರೊಟ್ಟಿ ನೋಡಿದ, ಬೋರ್ಡು ನೋಡಿದ. ಗಾಬರಿಯಿಂದ ಎರಡು ಹೆಜ್ಜೆ ಹಿಂದೆ ಸರಿದ.

"ಯವ್ವಾ, ರೊಟ್ಟಿ ದಾಟಬಹುದೇನು?"