ನೇಕಾರ ಕಂಡ ಬೆಳಕು

“ಗುರುಗಳೇ, ಸಾವಿನ ಬಾಗಿಲಿನವರೆಗೆ ಹೋಗಿ ಬಂದವರಿಗೆ ಅಲ್ಲಿ ಏನು ಕಾಣುತ್ತದೆ?” ಎಂದು ಶಿಷ್ಯನು ಕೇಳಿದನು.

ಆ ವಾರದಲ್ಲಿ ಅವನು ಇದನ್ನು ಕೇಳಿದ್ದು ನಾಲ್ಕನೆಯ ಸಲ. ಮೊದಲ ಸಲ ಗುರುಗಳು ನಕ್ಕಿದ್ದರು. ಎರಡನೆಯ ಸಲ ಕೊಟ್ಟಿಗೆ ಗುಡಿಸಲು ಕಳಿಸಿದ್ದರು. ಮೂರನೆಯ ಸಲ ಕಿವಿ ಕೇಳಿಸದವರಂತೆ ಕುಳಿತಿದ್ದರು. ಈಗ ನಿಟ್ಟುಸಿರು ಬಿಟ್ಟು, “ಕೂತುಕೋ. ಒಂದೇ ಸಲ ಹೇಳುತ್ತೇನೆ. ನಡುವೆ ಬಾಯಿ ಹಾಕಬೇಡ,” ಎಂದರು.

ಒಂದು ಊರಿನಲ್ಲಿ ಒಬ್ಬ ನೇಕಾರನಿದ್ದನು. ಅವನ ಹೆಂಡತಿಯ ಹೆಸರು ಹಾಲವ್ವ. ಒಂದು ಮಳೆಗಾಲದಲ್ಲಿ ನೇಕಾರನಿಗೆ ಜ್ವರ ಬಂದು, ಏಳನೆಯ ದಿನ ಉಸಿರು ನಿಂತಂತಾಯಿತು. ಪಂಡಿತರು ನಾಡಿ ಹಿಡಿದು ನೋಡಿ ಕೈ ಬಿಟ್ಟರು. ಹಾಲವ್ವ ಎದೆ ಬಡಿದುಕೊಂಡು ಅತ್ತಳು. ನೆಂಟರು ಚಟ್ಟಕ್ಕೆ ಬಿದಿರು ಕಡಿಯುತ್ತಿದ್ದಾಗ ನೇಕಾರನು ಕಣ್ಣು ತೆರೆದು ನೀರು ಕೇಳಿದನು.

ಹಾಲವ್ವನ ಸಂತೋಷಕ್ಕೆ ಪಾರವಿರಲಿಲ್ಲ. ಆ ಸಂತೋಷ ಹದಿನೈದು ದಿನ ಉಳಿಯಿತು.

ನೇಕಾರನು ಒಂದು ಬೆಳಕನ್ನು ಕಂಡಿದ್ದನು. “ನನ್ನ ಮೈ ಕೆಳಗೆ ಬಿದ್ದಿತ್ತು. ನಾನು ಮೇಲಿನಿಂದ ನೋಡುತ್ತಿದ್ದೆ. ಆಮೇಲೆ ಬೆಳಕು. ನೋವಿಲ್ಲ, ಭಯವಿಲ್ಲ,” ಎಂದು ನೋಡಲು ಬಂದವರಿಗೆ ಹೇಳಿದನು. ಅದು ನಿಜವೇ ಆಗಿತ್ತು. ಹೇಳುವಾಗ ಅವನ ಕಣ್ಣು ತುಂಬುತ್ತಿತ್ತು, ಕೇಳುವವರ ಕಣ್ಣೂ ತುಂಬುತ್ತಿತ್ತು. ಆದರೆ ಜನರಿಗೆ ಬೆಳಕಷ್ಟೇ ಸಾಲಲಿಲ್ಲ. ಅದರ ಆಚೆಗೆ ಏನಿತ್ತು ಎಂದು ಕೇಳಿದರು. ಆಚೆಗೆ ಒಂದು ತೋಟ ಬಂತು. ತೋಟಕ್ಕೆ ಬಿಳಿ ಗಡ್ಡದ ಕಾವಲುಗಾರ ಬಂದನು. ತಿಂಗಳು ತುಂಬುವಷ್ಟರಲ್ಲಿ ಊರಿನ ಸತ್ತವರೆಲ್ಲ ಆ ತೋಟದಲ್ಲಿ ಓಡಾಡತೊಡಗಿದರು.

ನೇಕಾರನು ಬೆಳಗಿನಿಂದ ಸಂಜೆಯವರೆಗೆ ಜಗಲಿ ಬಿಟ್ಟು ಏಳಲಿಲ್ಲ. ಹಾಲವ್ವ ನೂಲು ಸುತ್ತಿದಳು, ಅವನ ಮಗ್ಗದಲ್ಲಿ ತಾನೇ ಕುಳಿತು ನೇಯ್ದಳು, ಮಕ್ಕಳಿಗೆ ಉಣ್ಣಿಸಿದಳು, ಬಂದವರಿಗೆಲ್ಲ ನೀರು ಕೊಟ್ಟಳು. ಒಂದು ಗಳಿಗೆ ಒಳಗೆ ಬಂದು ಕೈ ಹಚ್ಚಿರಿ ಎಂದರೆ, “ಅದನ್ನು ಕಂಡು ಬಂದವನಿಗೆ ಇದೆಲ್ಲ ಮಾಯೆ,” ಎನ್ನುತ್ತಿದ್ದನು. ಮಧ್ಯಾಹ್ನ ಆ ಮಾಯೆಯ ರೊಟ್ಟಿಯನ್ನೇ ನಾಲ್ಕು ತಿನ್ನುತ್ತಿದ್ದನು. ಹಾಲವ್ವ ಹಲ್ಲು ಕಚ್ಚಿಕೊಂಡು ಐದನೆಯದನ್ನು ಬಡಿಯುತ್ತಿದ್ದಳು.

ಒಂದು ದಿನ ಒಬ್ಬ ಕುಂಬಾರಗಿತ್ತಿ ಬಂದಳು. ಅವಳ ಒಬ್ಬಳೇ ಮಗಳು ಆ ಬೇಸಿಗೆಯಲ್ಲಿ ತೀರಿಕೊಂಡಿದ್ದಳು.

“ಅಣ್ಣಾ, ಅಲ್ಲಿ ನನ್ನ ಮಗಳನ್ನು ಕಂಡೆಯಾ?” ಎಂದಳು.

ನೇಕಾರನಿಗೆ ಅವಳ ಮುಖ ನೋಡಿ ಇಲ್ಲ ಎನ್ನಲಾಗಲಿಲ್ಲ. “ಕಂಡೆ ತಾಯಿ. ಹಸಿರು ಲಂಗ ಉಟ್ಟಿದ್ದಳು. ಅವ್ವ ಯಾವಾಗ ಬರುತ್ತಾಳೆ ಎಂದು ಕೇಳಿದಳು,” ಎಂದನು.

ಕುಂಬಾರಗಿತ್ತಿ ಕೈಮುಗಿದು ಎದ್ದು ಹೋದಳು. ಒಳಗೆ ಹಾಲವ್ವನ ಕೈಯಲ್ಲಿ ಮಗ್ಗದ ಲಾಳಿ ನಿಂತಿತು.

ನಾಲ್ಕು ದಿನಗಳ ಮೇಲೆ ಸುದ್ದಿ ಬಂತು. ಕುಂಬಾರಗಿತ್ತಿ ಊಟ ಬಿಟ್ಟು ಮಲಗಿದ್ದಾಳೆ. ಮಗಳು ಕಾಯುತ್ತಿದ್ದಾಳೆ, ನಾನು ಹೋಗಬೇಕು ಎನ್ನುತ್ತಾಳೆ. ಯಾರ ಮಾತನ್ನೂ ಕೇಳುವುದಿಲ್ಲ.

ಹಾಲವ್ವ ಮಗ್ಗದಿಂದ ಎದ್ದಳು. ಗಂಜಿ ಕಾಯಿಸಿ ಬಟ್ಟಲಿಗೆ ಸುರಿದುಕೊಂಡು ಹೊರಟಳು. “ಸಮಾಧಾನಕ್ಕೆ ಒಂದು ಮಾತು ಹೇಳಿದೆ. ಅದರಲ್ಲಿ ತಪ್ಪೇನು?” ಎನ್ನುತ್ತ ನೇಕಾರನು ಹಿಂದೆ ಬಂದನು. ಅವಳು ತಿರುಗಿ ನೋಡಲಿಲ್ಲ. ನೋಡಿದ್ದರೆ ಬಟ್ಟಲು ಅವನ ತಲೆಯ ಮೇಲೆ ಬೀಳುತ್ತಿತ್ತು.

ಕುಂಬಾರಗಿತ್ತಿಯ ಚಾಪೆಯ ಪಕ್ಕದಲ್ಲಿ ಕುಳಿತು ಹಾಲವ್ವ ಹೇಳಿದಳು: “ಅಕ್ಕಾ, ನಾನೂ ಅಲ್ಲಿಗೆ ಹೋಗಿದ್ದೆ. ಎರಡನೆಯ ಹೆರಿಗೆಯಲ್ಲಿ ರಕ್ತ ನಿಲ್ಲಲಿಲ್ಲ. ಸೂಲಗಿತ್ತಿ ಆಸೆ ಬಿಟ್ಟಳು. ಇವರು ಕಂಡ ಬೆಳಕನ್ನು ನಾನೂ ಕಂಡೆ. ಹಾಯಾಗಿತ್ತು. ಅಷ್ಟರಲ್ಲಿ ದೊಡ್ಡವಳು ಹೊಸ್ತಿಲಲ್ಲಿ ನಿಂತು, ಅವ್ವಾ ಹಸಿವು ಎಂದಳು. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ನೆಮ್ಮದಿಯಾಗಿ ಸಾಯಲೂ ಬಿಡುವುದಿಲ್ಲವಲ್ಲ ಎಂದುಕೊಂಡೆ. ಆ ಸಿಟ್ಟಿನಲ್ಲೇ ಕಣ್ಣು ಬಿಟ್ಟೆ.”

ನೇಕಾರನು ಬಾಗಿಲಲ್ಲೇ ನಿಂತುಬಿಟ್ಟನು. “ಇಷ್ಟು ವರ್ಷ ನನಗೇಕೆ ಹೇಳಲಿಲ್ಲ?” ಎಂದನು.

“ಮರುದಿನವೇ ಹೇಳಲು ಹೋದೆ. ನಾಳೆಯಿಂದ ನೂಲು ಸುತ್ತಲು ಆಗುತ್ತದೆಯೇ ಎಂದು ಕೇಳಿದಿರಿ.”

ಕುಂಬಾರಗಿತ್ತಿ ತಲೆಯೆತ್ತಿದಳು. “ತಂಗಿ, ಅಲ್ಲಿ ಯಾರಿದ್ದರು?”

ಸುಳ್ಳು ಹೇಳುವುದು ಎಷ್ಟು ಸುಲಭ ಎಂಬುದು ಹಾಲವ್ವನಿಗೆ ಆಗ ತಿಳಿಯಿತು. ಗಂಡನ ಮೇಲಿನ ಸಿಟ್ಟು ಒಂದು ಗಳಿಗೆ ಇಳಿಯಿತು. ಆದರೂ ಅವಳು ಹೇಳಿದಳು: “ಯಾರೂ ಇರಲಿಲ್ಲ ಅಕ್ಕಾ. ನನ್ನ ಅವ್ವ ಸತ್ತು ಆಗ ಮೂರು ವರ್ಷವಾಗಿತ್ತು. ಹುಡುಕಿದೆ. ಸಿಗಲಿಲ್ಲ.”

ನೇಕಾರನು ಒಳಗೆ ಬಂದು ಕುಂಬಾರಗಿತ್ತಿಯ ಮುಂದೆ ಕುಳಿತನು. “ಹಸಿರು ಲಂಗ ನಾನು ಕಟ್ಟಿ ಹೇಳಿದ ಮಾತು ತಾಯಿ. ನಾನೂ ಯಾರನ್ನೂ ಕಾಣಲಿಲ್ಲ,” ಎಂದನು.

ಮಗಳು ಹೋದ ಮೇಲೆ ಒಂದು ಸಲವೂ ಬಾಯಿಬಿಟ್ಟು ಅಳದ ಕುಂಬಾರಗಿತ್ತಿ ಅಂದು ಅತ್ತಳು. ಕೇರಿಯವರೆಲ್ಲ ಹೊರಗೆ ಬಂದು ನಿಲ್ಲುವಷ್ಟು ಅತ್ತಳು. ಹಾಲವ್ವ ಅವಳನ್ನು ತಡೆಯಲಿಲ್ಲ. ಅಳು ಇಳಿದ ಮೇಲೆ ಅವಳನ್ನು ಎತ್ತಿ ಗೋಡೆಗೆ ಒರಗಿಸಿ, ಬಟ್ಟಲನ್ನು ಮುಂದೆ ಸರಿಸಿ, “ಗಂಜಿ ಆರುತ್ತದೆ,” ಎಂದಳು.

ಇಲ್ಲಿಗೆ ಬರುವಷ್ಟರಲ್ಲಿ ಶಿಷ್ಯನಿಗೆ ತಡೆದುಕೊಳ್ಳಲಾಗಲಿಲ್ಲ. “ಗುರುಗಳೇ, ಹಾಗಾದರೆ ಗಂಡ ಹೆಂಡತಿ ಇಬ್ಬರೂ ಕಂಡದ್ದು ಒಂದೇ ಬೆಳಕೇ?” ಎಂದು ಕೇಳಿದನು.

ಗುರುಗಳು ಎದ್ದು ನಿಂತರು.

“ಆ ತಾಯಿ ಗಂಜಿ ಕುಡಿದಳೋ ಇಲ್ಲವೋ ಎಂದು ನೀನು ಕೇಳಲಿಲ್ಲ,” ಎಂದರು.