ನಿಲ್ಲದ ತಿಗರಿ

"ಕೇಳಿರಪ್ಪಾ ಕೇಳಿ! ಹೆಬ್ಬಂಡೆದುರ್ಗದ ದೊರೆಗಳ ಮಗಳು ಹೊನ್ನಾಜಮ್ಮಣ್ಣಿಯವರ ಕಂಕುಳಲ್ಲಿ ಗೆಡ್ಡೆ ಬೆಳೆದಿದೆ. ಅಮ್ಮಣ್ಣಿಯವರ ಮೂರು ಒಗಟು ಬಿಡಿಸಿದವನು ಕೇಳಿದ್ದನ್ನು ಕೊಡಲಾಗುವುದು. ತಪ್ಪಿದವನ ತಲೆ ಸಂಜೆಗೆ ಉರುಳುವುದು!"

ಹೀಗೆ ಡಂಗುರ ಸಾರಿಸಿದ್ದು ದೊರೆಯ ಸಿಟ್ಟು. ಸುಳ್ಳು ವೈದ್ಯರು ಬರೆ ಹಾಕಿ, ಜಿಗಣೆ ಬಿಟ್ಟು ಮಗಳನ್ನು ಅರೆಜೀವ ಮಾಡಿದ್ದರು; ರೋಗವನ್ನು ನಿಜವಾಗಿ ಬಲ್ಲವನನ್ನು ಆರಿಸಲೆಂದೇ ಈ ಪರೀಕ್ಷೆ. ಒಗಟುಗಳು ಮಾತ್ರ ತೀರಿಹೋದ ಹಳೆಯ ರಾಜವೈದ್ಯರವು. ಮೈಯೆಂದರೆ ಕಣ್ಣಿಗೆ ಕಾಣದ ಜೀವಕಣಗಳ ಊರು, ಒಂದು ಕಣ ಎರಡಾಗುತ್ತಲೇ ಊರು ಬೆಳೆಯುತ್ತದೆ ಎಂದು ಅಮ್ಮಣ್ಣಿಗೆ ಕಲಿಸಿದವರು ಅವರೇ.

ಹತ್ತು ತಲೆ ಉರುಳಿದ್ದವು. ಸತ್ತವನು ಯಾವ ನಾಡಿನವನಾದರೂ ಚಿತೆಯ ಸುತ್ತ ನೀರು ಹೊರುವ ಮಡಕೆಯನ್ನು ಊರ ಕುಂಬಾರನೇ ಕೊಡಬೇಕು. ಕುಂಬಾರ ಕೆಂಚನಿಗೆ ಈ ಬಾರಿ ಬೆಳಿಗ್ಗೆಯೇ ಕರೆ ಬಂದಿತ್ತು: "ಇವತ್ತು ಇಬ್ಬರಿದ್ದಾರೆ, ಎರಡು ತಾ." ಅವರಿನ್ನೂ ಬಾಯಿಯೇ ತೆರೆದಿರಲಿಲ್ಲ!

ಕೆಂಚ ಮಡಕೆ ಹಿಡಿದು ಅರಮನೆಯ ಸಭೆಯಲ್ಲಿ ಕಂಬದ ಮರೆಗೆ ನಿಂತ. ದೊರೆಯ ಪಕ್ಕದಲ್ಲಿ ದಿಂಬಿಗೊರಗಿದ್ದ ಅಮ್ಮಣ್ಣಿ ಆ ಇಬ್ಬರನ್ನು ಕೇಳಿದಳು: "ಕಣವೊಂದು ಎರಡಾಗುವ ಹೊತ್ತಿಗೆ ಒಬ್ಬ ಹುಟ್ಟಿಬರುತ್ತಾನೆ. 'ಹೊರಡು' ಎಂದು ದೂಡುತ್ತಾನೆ. ದೂಡಿದ ಮೇಲೆ ಅವನು ಅಳಿಯಲೇಬೇಕು, ಉಳಿದರೆ ಕೇಡು. ಎಂಥವನು ಅವನು?"

"ಪ್ರಾಣವಾಯು," ಎಂದರು ಪಂಡಿತ ನರಹರಿ.

"ಅಲ್ಲ."

"ಅಪ್ಪಣೆ ಕೊಡುವವನು ಅರಸನಲ್ಲದೆ ಮತ್ತಾರು?" ಎಂದ ಪಾಳೆಯಗಾರನ ಮಗ ಬೊಮ್ಮರಸ.

"ಅಪ್ಪಣೆ ಕೊಟ್ಟು ಸಾಯುವ ಅರಸನನ್ನು ಕಂಡಿದ್ದೀರಾ?"

ಇಬ್ಬರನ್ನೂ ಸೆರೆಗೆ ಎಳೆದೊಯ್ದರು. ದ್ವಾರಪಾಲಕ ಗದರಿದ: "ಮಡಕೆ ಇಟ್ಟು ನಡಿಯೋ."

"ನಾನೂ ಒಗಟಿಗೆ ನಿಲ್ಲುತ್ತೇನೆ, ಬುದ್ಧಿ."

"ಮಣ್ಣು ತುಳಿಯುವವನೇ! ನಿನ್ನ ಮಡಕೆ ಯಾರು ಮಾಡಬೇಕೋ?"

"ಮಾಡಿಟ್ಟೇ ಬಂದಿದ್ದೇನೆ."

ಮಡಕೆ ಕೆಳಗಿಟ್ಟು ಕೆಂಚ ಮುಂದೆ ಬಂದ. "ಅವನು ನನ್ನ ತಿಗರಿಯ ಕೋಲಿನಂಥವನು, ತಾಯಿ. ಕೋಲು ಕೊಟ್ಟು ತಿಗರಿ ತಿರುಗಿಸುತ್ತೇವೆ. ತಿರುಗಿತೋ, ಕೋಲು ಕೀಳುತ್ತೇವೆ. ಕೀಳದಿದ್ದರೆ ತಿಗರಿ ನಿಲ್ಲದು, ಮಡಕೆ ಕೆಡುತ್ತದೆ."

ಅಮ್ಮಣ್ಣಿ ದಿಂಬು ಬಿಟ್ಟು ಎದ್ದು ಕುಳಿತಳು. "ಸರಿ. ಎರಡನೆಯದು. ಒಬ್ಬ ಕಾವಲುಗಾರ. ಹೊರಗಿನ ಹಗೆಯ ಗೊಡವೆ ಅವನಿಗಿಲ್ಲ. ಮನೆಯವನನ್ನೇ ತಡೆದು ನೋಡುತ್ತಾನೆ. ಊನವಿದ್ದರೆ 'ತಿದ್ದಿಕೋ' ಎನ್ನುತ್ತಾನೆ, ತಿದ್ದಲಾಗದಿದ್ದರೆ 'ಸಾಯಿ' ಎನ್ನುತ್ತಾನೆ. ಯಾರು?"

"ಮಡಕೆ ತಟ್ಟಿ ನೋಡುವ ಬೆರಳು. ಸದ್ದು ಒಡಕಾದರೆ ಆವಿಗೆಯ ಬೆಂಕಿಗೆ ಹೋಗುವ ಮುನ್ನವೇ ಹಸಿ ಬಿರುಕನ್ನು ತೀಡುತ್ತೇವೆ. ತೀಡಲಾಗದ್ದನ್ನು ಮತ್ತೆ ಮಣ್ಣಿಗೆ ಕಲಸುತ್ತೇವೆ."

"ಮೂರನೆಯದು. ನನ್ನ ಅನ್ನ ಉಣ್ಣುತ್ತಾನೆ, ನನ್ನ ಮುಖವನ್ನೇ ತೊಟ್ಟಿದ್ದಾನೆ. ತಾನು ಸಾಯಲೊಲ್ಲ, ಹೆತ್ತ ಊರನ್ನು ಕೊಲ್ಲುತ್ತಾನೆ. ಹೆಸರು ಹೇಳು."

ಮಾಟಗಾರನೆಂದರೆ? ಪಕ್ಕದ ರಾಜ್ಯದ ಹಗೆಯೆಂದರೆ? ದೊರೆ ಮೆಚ್ಚಿಯಾನು. ನಿಜ ಹೇಳಿದರೆ ರಾಜದ್ರೋಹ. ಕೆಂಚ ತಲೆಯೆತ್ತಿ ಅಮ್ಮಣ್ಣಿಯನ್ನೇ ನೋಡಿದ.

"ನೀವೇ, ತಾಯಿ."

ದೊರೆಯ ಕತ್ತಿ ಹೊರಬಂತು. ಅಮ್ಮಣ್ಣಿ ಕೈಯೆತ್ತಿ ತಡೆದಳು. "ಬಿಡಿಸಿ ಹೇಳು."

"ಗೆಡ್ಡೆ ಹೊರಗಿನಿಂದ ಬಂದದ್ದಲ್ಲ, ನಿಮ್ಮದೇ ಕಣ. ಅದರಲ್ಲಿ ಕೋಲು ಕೀಳುವವರಿಲ್ಲ, ತಿಗರಿ ನಿಲ್ಲುವುದಿಲ್ಲ. ತಟ್ಟುವ ಬೆರಳು ಸತ್ತಿದೆ. ಒಡಕಿನ ಮೇಲೆ ಒಡಕು ರಾಶಿ ಬೀಳುತ್ತಿದೆ."

"ಮೂರೂ ಸರಿ," ಎಂದಳು ಅಮ್ಮಣ್ಣಿ. "ಕೋಲು, ಬೆರಳು ಎಂದೆಯಲ್ಲ, ಅವೆಲ್ಲ ಕಣದೊಳಗೇ ಹುಟ್ಟಿ ಅಳಿಯುವ ಸಾರಗಳು ಎನ್ನುತ್ತಿದ್ದರು ಗುರುಗಳು. ಈ ತಿಗರಿಯನ್ನು ನಿಲ್ಲಿಸಬಲ್ಲೆಯಾ?"

"ನನಗೆ ತಿಳಿಯದು. ಚಿಕ್ಕದಿದ್ದಾಗಲೇ ಕೊಯ್ದಿದ್ದರೆ ಏನೋ... ಈಗ ತಡವಾಗಿದೆ."

ದೊರೆ ಮುಖ ಮುಚ್ಚಿಕೊಂಡ. ಅಮ್ಮಣ್ಣಿಯ ಕಣ್ಣು ಒದ್ದೆಯಾಗಲಿಲ್ಲ. "ಬಂದವರೆಲ್ಲ ನೂರು ವರ್ಷ ಬದುಕುತ್ತೀರಿ ಎಂದಿದ್ದರು. ಏನು ಬೇಕು ಕೇಳು."

"ಸೆರೆಯಲ್ಲಿರುವ ಇಬ್ಬರ ತಲೆ, ತಾಯಿ, ಅವರ ಕತ್ತಿನ ಮೇಲೆಯೇ."

"ಆಗದು!" ಎಂದ ದೊರೆ.

"ಅಪ್ಪಾಜಿ, ಡಂಗುರ ತಮ್ಮದೇ."

ದೊರೆ ಕತ್ತಿಯನ್ನು ಒರೆಗೆ ಸೇರಿಸಿದ. ಕೆರೆಯಂಗಳದ ಜೇಡಿಮಣ್ಣನ್ನೂ ಕೆಂಚನ ವಂಶಕ್ಕೆ ಬಿಟ್ಟುಕೊಟ್ಟ.

ಅಮ್ಮಣ್ಣಿ ಯುಗಾದಿಯವರೆಗೆ ಬದುಕಿದಳು. ಗೆಡ್ಡೆ ದಿನದಿನಕ್ಕೆ ಏನು ಮಾಡುತ್ತಿದೆಯೆಂದು ಕೊನೆಯ ದಿನದವರೆಗೂ ಹೇಳಿ ಬರೆಸಿದಳು. ಮುಂದೆ ಎಂದಾದರೂ ಒಬ್ಬರು ಆ ತಿಗರಿಗೆ ಕೈ ಅಡ್ಡ ಹಿಡಿದಾರೆಂಬ ಆಸೆ ಅವಳದು. ಹಾಸಿಗೆಯ ಪಕ್ಕದಲ್ಲಿ ಕುಳಿತು ಓಲೆಯ ಮೇಲೆ ಬರೆದುಕೊಂಡವರು, ತಲೆ ಉಳಿದ ಪಂಡಿತ ನರಹರಿ.