ಹೊಳೆ ದಾಟಿ ಬಂದ ದಾಳಿಂಬೆಯ ಚಿತ್ರ

“ಗುರುಗಳೇ, ತಂದೆ ಮಾಡಿದ ತಪ್ಪಿಗೆ ಮಕ್ಕಳು ಹೊಣೆಯೇ?” ಎಂದು ಮರುಳಯ್ಯನೆಂಬ ಶಿಷ್ಯ ಕೇಳಿದ. ಗುರುಗಳು ಒಂದು ಕತೆ ಹೇಳಿದರು.

ಒಂದು ಹೊಳೆ. ಅದರ ಆಚೆಗೊಂದು ರಾಜ್ಯ, ಈಚೆಗೊಂದು ರಾಜ್ಯ. ಈಚೆ ದಡದ ಪಟ್ಟಣದಲ್ಲಿ ಒಂದು ಚಿತ್ರಶಾಲೆ ಇತ್ತು. ಅಲ್ಲಿ ಅರಸರ ಚಿತ್ರಗಳಿದ್ದವು, ದೇವತೆಗಳ ಚಿತ್ರಗಳಿದ್ದವು. ಆದರೆ ಜನ ಮುಗಿಬೀಳುತ್ತಿದ್ದದ್ದು ಒಂದೇ ಚಿತ್ರಕ್ಕೆ. ಹಿತ್ತಾಳೆ ತಟ್ಟೆ, ಅದರಲ್ಲಿ ಒಡೆದ ದಾಳಿಂಬೆ, ಪಕ್ಕದಲ್ಲಿ ನೀರಿನ ತಂಬಿಗೆ. ಅಷ್ಟೇ. ಹಣ್ಣಿನ ಮೇಲೆ ಚಿತ್ರಗಾರ ಒಂದು ಇರುವೆಯನ್ನು ಬರೆದಿದ್ದ. ಮೊದಲ ಸಲ ನೋಡಿದವರೆಲ್ಲ ಅದನ್ನು ಊದಿ ಓಡಿಸಲು ಹೋಗುತ್ತಿದ್ದರು, ಆಮೇಲೆ ನಗುತ್ತಿದ್ದರು.

ಯುದ್ಧ ಬಂತು. ಆಚೆ ದಡದ ದಂಡು ಪಟ್ಟಣಕ್ಕೆ ನುಗ್ಗಿತು. ಚಿತ್ರಶಾಲೆಯ ಬಾಗಿಲಿಗೆ ಅಡ್ಡ ನಿಂತ ಕಾವಲುಗಾರ ಸತ್ತ. ಒಬ್ಬ ದಳಪತಿ ಆ ಚಿತ್ರವನ್ನು ತನ್ನ ಮನೆಗೆ ಒಯ್ದು ಊಟದ ಕೋಣೆಯ ಗೋಡೆಗೆ ತೂಗುಹಾಕಿದ. ‘ಅರಸರು ಕೊಟ್ಟ ಬಹುಮಾನ’ ಎಂದು ಮಗಳಿಗೆ ಹೇಳಿದ. ಮಗಳು ಅದರ ಕೆಳಗೇ ಉಂಡು ಬೆಳೆದಳು. ದಳಪತಿ ತೀರಿಹೋದ. ರಾಜ್ಯಗಳ ನಡುವೆ ಶಾಂತಿಯಾಗಿ ವ್ಯಾಪಾರಿಗಳು ಹೊಳೆ ದಾಟತೊಡಗಿದರು.

ಹಾಗೆ ಬಂದ ಒಬ್ಬ ವ್ಯಾಪಾರಿ ಅವಳ ಮನೆಯಲ್ಲಿ ಊಟಕ್ಕೆ ಕುಳಿತ. ತಲೆ ಎತ್ತಿದ. ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಎದ್ದು ಹೋಗಿ, ಗೋಡೆಗೆ ಮುಖ ಹತ್ತಿರ ಮಾಡಿ, ಇರುವೆಯನ್ನು ಊದಿದ. ಅವನ ಕಣ್ಣಲ್ಲಿ ನೀರು, ಮುಖದಲ್ಲಿ ನಗು.

“ತಾಯಿ, ಇದು ನಮ್ಮೂರಿನದು. ಸುಟ್ಟುಹೋಯಿತು ಅಂದುಕೊಂಡು ಊರೇ ಅತ್ತಿತ್ತು” ಎಂದ. ಕಾವಲುಗಾರ ಸತ್ತ ಸಂಗತಿಯನ್ನೂ ಹೇಳಿದ.

“ನಾನೇ ಇದನ್ನು ತಂದು ಒಪ್ಪಿಸುತ್ತೇನೆ” ಎಂದಳು ಅವಳು. “ಕದ್ದವಳು ನೀನಲ್ಲ. ಅಲ್ಲಿಗೆ ಹೋದರೆ ಕಲ್ಲು ಹೊಡೆದಾರು” ಎಂದು ಗಂಡ ತಡೆದ. ಆದರೂ ಅವಳು ಚಿತ್ರವನ್ನು ಇಳಿಸಿ ಕಂಬಳಿಯಲ್ಲಿ ಸುತ್ತಿದಳು.

ವ್ಯಾಪಾರಿ ಮೊದಲ ದೋಣಿಗೇ ಹೊರಟು ಸುದ್ದಿ ಮುಟ್ಟಿಸಿದ. ಪಟ್ಟಣಕ್ಕೆ ಪಟ್ಟಣವೇ ಎದ್ದಿತು. ನೇಕಾರರು ಮಗ್ಗ ಬಿಟ್ಟು ಬಂದರು, ಅಂಗಡಿಯವರು ತಕ್ಕಡಿ ಬಿಟ್ಟು ಓಡಿದರು, ಒಲೆಗಳ ಮೇಲೆ ಅನ್ನ ಸೀದುಹೋಯಿತು. ಹೊಳೆಯ ದಡದಲ್ಲಿ ಕಾಲಿಡಲು ಜಾಗವಿರಲಿಲ್ಲ. ಅವಳ ದೋಣಿ ಕಂಡದ್ದೇ ತಡ, ತಮಟೆ ಮೊಳಗಿತು. ಬೆಸ್ತರು ನೀರಿಗೆ ಧುಮುಕಿ ದೋಣಿಯನ್ನು ಹಿಡಿದು ಎಳೆದರು.

ಆ ಕೂಗು ಸಂತೋಷದ್ದೋ ಸಿಟ್ಟಿನದೋ ಅವಳಿಗೆ ತಿಳಿಯಲಿಲ್ಲ. ಆದರೂ ಚಿತ್ರವನ್ನು ಅಪ್ಪಿ ಹಿಡಿದು ಇಳಿದಳು.

ಒಬ್ಬ ಮುದುಕಿ ಜನರನ್ನು ಸರಿಸಿಕೊಂಡು ಮುಂದೆ ಬಂದಳು. ಅವಳು ಸತ್ತ ಕಾವಲುಗಾರನ ತಾಯಿ. ತಮಟೆ ನಿಂತಿತು.

“ಯಾರ ಮಗಳವ್ವ ನೀನು?” ಎಂದಳು ಮುದುಕಿ.

“ಇದನ್ನು ದೋಚಿ ಒಯ್ದವನ ಮಗಳು.”

ಮುದುಕಿ ಅವಳನ್ನೇ ನೋಡಿದಳು. ಆಮೇಲೆ ಚಿತ್ರದ ಒಂದು ತುದಿಗೆ ಕೈ ಹಾಕಿ, “ಭಾರ ಇದೆ. ಆ ಕಡೆ ನೀನು ಹಿಡಿ” ಎಂದಳು.

ಇಬ್ಬರೂ ಹೊತ್ತು ನಡೆದರು. ಜನ ದಾರಿ ಬಿಟ್ಟರು. ಆಗ ಎದ್ದ ಕೇಕೆ ಆಚೆ ದಡಕ್ಕೂ ಕೇಳಿಸಿತಂತೆ. ಚಿತ್ರ ತನ್ನ ಗೋಡೆಗೆ ಏರಿತು. ಆ ದಿನ ‘ನಮ್ಮ ಮನೆಗೆ ಊಟಕ್ಕೆ ಬಾ’ ಎಂದು ಅವಳನ್ನು ಎಳೆದಾಡಿದವರೇ ಎಲ್ಲ.

ಕತೆ ಕೇಳುತ್ತಾ ಮರುಳಯ್ಯನ ಮುಖ ಅರಳಿತ್ತು. ಆದರೂ ಅವನಿಗೆ ಸಮಾಧಾನವಾಗಲಿಲ್ಲ. “ಕದ್ದವನು ತಂದೆಯಲ್ಲವೇ, ಗುರುಗಳೇ? ಅವಳು ಇಟ್ಟುಕೊಂಡಿದ್ದರೂ ಅವಳ ತಪ್ಪೇನಿತ್ತು?” ಎಂದ.

ಗುರುಗಳು ಹೇಳಿದರು: “ತಂದೆ ಒಮ್ಮೆ ಕದ್ದ, ತಿಳಿದೂ ಇಟ್ಟುಕೊಂಡಿದ್ದರೆ ಮಗಳು ದಿನದಿನವೂ ಕದಿಯುತ್ತಿದ್ದಳು.”